ಅನಾನಸಿನ ಕಾಬ್ಲರ್ ಮತ್ತು ನಾನು ಹೇಳಿದ ಸುಳ್ಳು

ಮಣಿಪಾಲದ ಒಂದು ಕಾಲೇಜಿನಲ್ಲಿ ಹೋಟೆಲ್ ಕೆಲಸ ಕಲಿಯುವ ಮಕ್ಕಳಿಗೆ ಹನ್ನೊಂದು ವರ್ಷ ಬೇಕರಿ ಪಾಠ ಹೇಳಿ ನಾನು ನಿವೃತ್ತನಾದೆ. ಈಗ ನನ್ನ ಜಾಗದಲ್ಲಿರುವ ಮೇಡಂ ಮೊನ್ನೆ ಫೋನ್ ಮಾಡಿದರು. "ಸರ್, ಹೊಸ ಬ್ಯಾಚಿನ ಮಕ್ಕಳಿಗೆ ನಿಮ್ಮ ಅನುಭವ ನಾಲ್ಕು ಪುಟ ಬರೆದು ಕೊಡಿ. ಓದಿದರೆ ಅವರಿಗೆ ಹುಮ್ಮಸ್ಸು ಬರಬೇಕು" ಎಂದರು. ಬರೆಯಲು ಕುಳಿತೆ. ಸನ್ಮಾನ, ಶಾಲು, ಭಡ್ತಿ ಎಂದು ಎರಡು ಪುಟ ತುಂಬಿದವು. ಓದಿ ನೋಡಿ ಹರಿದು ಹಾಕಿದೆ. ಹುಮ್ಮಸ್ಸು ಬರುವಂಥದ್ದಲ್ಲ, ನಾಚಿಕೆಯಾಗುವಂಥದ್ದೇ ಹೆಚ್ಚು ನೆನಪಿದೆ. ಅದನ್ನೇ ಬರೆಯುತ್ತೇನೆ. ಈ ಕೆಲಸಕ್ಕೆ ಬರುವವರಿಗೆ ಬೇಕಾದದ್ದೂ ಅದೇ ಎಂದು ನನ್ನ ನಂಬಿಕೆ.

ನನ್ನ ಊರು ಕಾರ್ಕಳ. ಬಸ್ ಸ್ಟ್ಯಾಂಡಿನ ಹಿಂದೆ ಇದ್ದ ಬೇಕರಿಯಲ್ಲಿ ನಾನು ಕೆಲಸ ಕಲಿತದ್ದು. ಬನ್ನು, ರಸ್ಕು, ಖಾರ ಬಿಸ್ಕತ್ತು, ಸಂಜೆಗೆ ಪಫ್ಸು, ಇಷ್ಟೇ ನಮ್ಮ ಲೋಕ. ಸೌದೆ ಉರಿಸುವ ಇಟ್ಟಿಗೆಯ ಗೂಡು. ಕಾವು ನೋಡಲು ಮೀಟರಿಲ್ಲ. ಒಂದು ಚಿಟಿಕೆ ಮೈದಾ ಗೂಡಿನ ನೆಲಕ್ಕೆ ಎಸೆದು ಎಣಿಸಬೇಕು. ಹತ್ತರೊಳಗೆ ಕರಿಯಾದರೆ ಕಾವು ಹೆಚ್ಚು, ಇಪ್ಪತ್ತರ ಹೊತ್ತಿಗೆ ಹೊಂಬಣ್ಣ ಬಂದರೆ ಬನ್ನು ಇಡಬಹುದು. ನನ್ನ ಎಣಿಕೆ ತಪ್ಪುತ್ತಿರಲಿಲ್ಲ. ಅದರಿಂದಲೇ ಇರಬೇಕು, ನನಗೆಲ್ಲ ಗೊತ್ತಿದೆ ಎಂಬ ಹಮ್ಮು ಬಹಳ ಬೇಗ ತಲೆಗೇರಿತು.

ಆ ಹಮ್ಮಿನೊಂದಿಗೇ ಮಣಿಪಾಲದ ಒಂದು ಗೆಸ್ಟ್‌ಹೌಸಿನ ಅಡುಗೆಮನೆಗೆ ಸೇರಿದೆ. ಆಸ್ಪತ್ರೆಗೆ ಬಂದ ರೋಗಿಗಳ ಮನೆಯವರು, ಪರದೇಶದ ಪ್ರೊಫೆಸರುಗಳು, ಹೀಗೆ ಎಲ್ಲ ತರಹದವರು ಅಲ್ಲಿ ಉಳಿಯುತ್ತಿದ್ದರು. ನಮ್ಮ ಮುಖ್ಯ ಬಾಣಸಿಗರು ಫೆಲಿಕ್ಸ್ ಬಾಬ್. ಬಾಬ್ ಎಂದರೆ ಕೊಂಕಣಿಯಲ್ಲಿ ಹಿರಿಯರನ್ನು ಕರೆಯುವ ಮರ್ಯಾದೆಯ ಮಾತು. ಹಡಗುಗಳಲ್ಲಿ ಅಡುಗೆ ಮಾಡಿ ಬಂದವರು. ಕೋಪ ಮೂಗಿನ ತುದಿಯಲ್ಲಿ, ಕೈಯಲ್ಲಿ ಮಾತ್ರ ದೇವರು.

ಒಂದು ದಿನ ಅವರು ಮದುವೆಯೊಂದಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು, "ನಾಳೆ ಮಧ್ಯಾಹ್ನ ಆರು ಜನ ಫಾರಿನ್ ಗೆಸ್ಟ್ ಉಂಟು. ಊಟದ ಮೇಲೆ ಮಾವಿನಹಣ್ಣಿನ ಕಾಬ್ಲರ್ ಕೊಡು. ಕೆಳಗೆ ಹಣ್ಣು, ಮೇಲೆ ಬಿಸ್ಕಿಟ್. ಗೊತ್ತುಂಟಲ್ಲ?"

"ಗೊತ್ತುಂಟು ಬಾಬ್" ಎಂದೆ. ಕಾಬ್ಲರ್ ಎಂಬ ಹೆಸರನ್ನು ಕೇಳಿದ್ದು ಅದೇ ಮೊದಲು.

ಮರುದಿನ ಒಳ್ಳೆಯ ಮುಂಡಪ್ಪ ಮಾವಿನಹಣ್ಣು ಹೆಚ್ಚಿ, ಸಕ್ಕರೆ ಬೆರೆಸಿ, ಅಗಲದ ಪಾತ್ರೆಗೆ ತುಂಬಿದೆ. ಮೇಲೆ ಬಿಸ್ಕಿಟ್ ಎಂದರಲ್ಲ? ಅಂಗಡಿಯಿಂದ ಚಹಾದ ಜೊತೆ ತಿನ್ನುವ ಬಿಸ್ಕತ್ತಿನ ಪ್ಯಾಕೆಟ್ ತರಿಸಿ, ಪುಡಿ ಮಾಡಿ ಸುರಿದು ಓವನ್ನಿಗೆ ಇಟ್ಟೆ. ಹಣ್ಣಿನ ರಸ ಕುದಿದು ಬಿಸ್ಕತ್ತಿನ ಪುಡಿ ಅದನ್ನೆಲ್ಲ ಹೀರಿಕೊಂಡಿತು. ಹೊರಗೆ ತೆಗೆದಾಗ ಮಳೆಗಾಲದ ಅಂಗಳದ ಹಾಗೆ ಕಾಣುತ್ತಿತ್ತು. ಅದನ್ನೇ ಬಡಿಸಿದೆ. ಪಾಪ, ಅತಿಥಿಗಳು ಎರಡೆರಡು ಚಮಚ ತಿಂದು ನಕ್ಕು ಸುಮ್ಮನಾದರು.

ಫೆಲಿಕ್ಸ್ ಬಾಬ್ ಬಂದು ಉಳಿದದ್ದನ್ನು ನೋಡಿದರು. ಕೂಗಾಡುತ್ತಾರೆ ಎಂದುಕೊಂಡೆ. ಕೂಗಲಿಲ್ಲ. "ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಎಂತ ಹೋಗ್ತಿತ್ತು ಮಾರಾಯ ನಿಂದು?" ಎಂದರು, ಅಷ್ಟೇ. ಆಮೇಲೆ ಏಪ್ರನ್ ಕಟ್ಟಿಕೊಂಡು ಕಲಿಸಲು ನಿಂತರು.

ಅವರ ಬಿಸ್ಕಿಟ್ ಎಂದರೆ ನಮ್ಮ ಬಿಸ್ಕತ್ತಲ್ಲ. ಹೊರಗೆ ಗರಿ, ಒಳಗೆ ಹತ್ತಿಯಂತಿರುವ ಮೆತ್ತನೆಯ ಸಣ್ಣ ಬನ್ನು ಎಂದಿಟ್ಟುಕೊಳ್ಳಿ. ಮೈದಾಕ್ಕೆ ಬೇಕಿಂಗ್ ಪೌಡರ್, ಉಪ್ಪು, ಸ್ವಲ್ಪ ಸಕ್ಕರೆ. ಅದಕ್ಕೆ ತಣ್ಣಗಿನ ಬೆಣ್ಣೆಯ ತುಂಡುಗಳನ್ನು ಬೆರಳ ತುದಿಯಿಂದ ಉಜ್ಜಬೇಕು. ಅಂಗೈ ತಾಗಬಾರದು. ನಮ್ಮ ಕರಾವಳಿಯ ಸೆಕೆಗೆ ಬೆಣ್ಣೆ ಕೈಯಲ್ಲೇ ಕರಗುತ್ತದೆ. ಆದ್ದರಿಂದ ಮೈದಾವನ್ನೂ ಪಾತ್ರೆಯನ್ನೂ ಮೊದಲೇ ಫ್ರಿಜ್ಜಿನಲ್ಲಿ ಇಡಬೇಕು. ಮೇಲಿಂದ ತಣ್ಣಗಿನ ಮಜ್ಜಿಗೆ ಸುರಿದು ನಾಲ್ಕು ಸಲ ಕಲಸಿ ಬಿಡಬೇಕು. ಚಪಾತಿ ಹಿಟ್ಟಿನಂತೆ ನಾದಿದರೆ ಕೆಟ್ಟಿತು. ಹಣ್ಣನ್ನು ಮೊದಲು ಬೇಯಿಸಿ, ಅದು ಬಿಸಿಯಾಗಿರುವಾಗಲೇ ಹಿಟ್ಟನ್ನು ಚಮಚದಲ್ಲಿ ಅಲ್ಲಲ್ಲಿ ಬಿಡಬೇಕು. ತಣ್ಣಗಿನ ಹಣ್ಣಿನ ಮೇಲೆ ಬಿಟ್ಟರೆ ಮೇಲೆ ಬೆಂದು ಅಡಿ ಹಸಿಯಾಗಿ ಉಳಿಯುತ್ತದೆ. ನಡುವೆ ಸಂದು ಇರಲಿ, ಹಬೆ ಹೋಗಬೇಕು. ಅಂಚಿನಲ್ಲಿ ರಸ ದಪ್ಪಗೆ ಗುಳುಗುಳು ಕುದಿಯತೊಡಗಿದರೆ ಆಯಿತು ಎಂದರ್ಥ. ಇದರಲ್ಲಿ ಮೊಟ್ಟೆಯ ಕೆಲಸವೇ ಇಲ್ಲ. ಆದರೆ ಫೆಲಿಕ್ಸ್ ಬಾಬ್ ಓವನ್ನಿಗೆ ಇಡುವ ಮೊದಲು ಬ್ರಶ್ಶಿನಲ್ಲಿ ಮೇಲಿಂದ ಮೊಟ್ಟೆ ಸವರುತ್ತಿದ್ದರು. ಕೆಂಪು ಬಣ್ಣ ಬಂದು ಹೊಳೆಯಲಿ ಎಂದು. ನನಗೂ ಅದೇ ಅಭ್ಯಾಸವಾಯಿತು.

ಅವರು ಕೆಲಸ ಬಿಟ್ಟ ಮೇಲೆ ಓವನ್ನಿನ ಯಜಮಾನಿಕೆ ನನಗೆ ಬಂತು. ನನ್ನ ಜೊತೆ ಕೆಲಸಕ್ಕಿದ್ದವಳು ಸುಂದರಿ. ಕಾಪುವಿನವಳು, ಗಂಡ ದಾಮೋದರ ಮೀನಿನ ಬೋಟಿಗೆ ಹೋಗುತ್ತಿದ್ದ. ಬೆಳಿಗ್ಗೆ ಬಸ್ಸಿಳಿದು ಬಂದವಳು ಸೆರಗು ಸಿಕ್ಕಿಸಿ ನಿಂತರೆ ನಾಲ್ಕು ಜನರ ಕೆಲಸ ಮಾಡುತ್ತಿದ್ದಳು. ನಾವಿಬ್ಬರು ಮಾತನಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಒಂದು ಮಳೆಗಾಲದಲ್ಲಿ ಪದ್ಮಾವತಿ ಅಮ್ಮ ಎಂಬ ಹಿರಿಯರು ಬಂದು ಉಳಿದರು. ಕಾರ್ಕಳದ ಜೈನ ಮನೆತನದವರು, ಟೀಚರಾಗಿದ್ದವರು. ಗಂಡ ಆಸ್ಪತ್ರೆಯಲ್ಲಿ, ಯಾವಾಗ ಬಿಡುತ್ತಾರೆಂದು ಗೊತ್ತಿಲ್ಲ. ಗೆಡ್ಡೆಗಳನ್ನು ತಿನ್ನರು, ಸೂರ್ಯ ಮುಳುಗಿದ ಮೇಲೆ ಏನೂ ತಿನ್ನರು. ಅದರ ಮೇಲೆ ಚಿಂತೆ. ನಾಲ್ಕು ದಿನ ಹಾಲು, ಬಾಳೆಹಣ್ಣು ಬಿಟ್ಟರೆ ಏನೂ ಹೋಗಲಿಲ್ಲ. ತಟ್ಟೆ ಹೋದಂತೆಯೇ ಮರಳಿ ಬರುತ್ತಿತ್ತು. ಸುಂದರಿಗೆ ಅದನ್ನು ನೋಡಿ ಸಂಕಟ. "ಸದಾಶಿವಣ್ಣ, ನಿಮ್ಮ ಊರಿನವರಲ್ವಾ ಅವರು? ಬಾಯಿಗೆ ರುಚಿ ಹತ್ತುವಂಥದ್ದು ಎಂತಾದರೂ ಮಾಡಿ ಕೊಡಿ" ಎಂದಳು.

ಒಳ್ಳೆಯ ಅನಾನಸು ಬಂದಿತ್ತು. ನಡುವಿನ ದಿಂಡು ತೆಗೆದು, ಸಣ್ಣಗೆ ಹೆಚ್ಚಿ, ಸಕ್ಕರೆ ಹಾಕಿ ರಸ ಬತ್ತುವವರೆಗೆ ಬೇಯಿಸಿ, ಎರಡು ಏಲಕ್ಕಿ ಗುದ್ದಿ ಹಾಕಿದೆ. ಮೇಲೆ ಬಿಸ್ಕಿಟ್ ಹಿಟ್ಟು ಬಿಟ್ಟೆ. ಪಕ್ಕದಲ್ಲಿ ಪಫ್ಸಿಗೆಂದು ಸುಂದರಿ ಒಡೆದು ಕಲಕಿಟ್ಟ ಮೊಟ್ಟೆಯ ಬಟ್ಟಲಿತ್ತು. ಕೈ ತಾನಾಗಿ ಹೋಯಿತು. ಬ್ರಶ್ ಅದ್ದಿ, ಸವರಿ, ಓವನ್ನಿಗೆ ಇಟ್ಟೆ. ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ತಲೆಯಲ್ಲೇ ಇರಲಿಲ್ಲ. ಇಲ್ಲಿಯವರೆಗೆ ಆದದ್ದು ಮರೆವು. ಮನುಷ್ಯನಿಗೆ ಮರೆವು ಬರುತ್ತದೆ.

ನಾನೇ ತಟ್ಟೆ ಹಿಡಿದುಕೊಂಡು ಹೋದೆ. ಹಿಂದೆ ನೀರಿನ ಜಗ್ಗು ಹಿಡಿದು ಸುಂದರಿ. ಪದ್ಮಾವತಿ ಅಮ್ಮ ಕಿಟಕಿಯ ಹತ್ತಿರ ಕುಳಿತಿದ್ದರು. ತಟ್ಟೆ ನೋಡಿ ಅವರ ಮುಖ ಸ್ವಲ್ಪ ಅರಳಿತು.

"ಎಂಥ ಪರಿಮಳ! ನೀವು ಕಾರ್ಕಳದವರಂತೆ ಅಲ್ವಾ? ಹಾಗಾದರೆ ನಮ್ಮ ಕ್ರಮ ನಿಮಗೆ ಗೊತ್ತುಂಟು. ಇದಕ್ಕೆ ಮೊಟ್ಟೆ ಹಾಕಲಿಕ್ಕಿಲ್ಲ ಅಲ್ವಾ?"

ಆಗ ನೆನಪಾಯಿತು. ಬಟ್ಟಲು, ಬ್ರಶ್, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ತಪ್ಪಾಯಿತಮ್ಮ, ಬೇರೆ ಮಾಡಿ ತರುತ್ತೇನೆ" ಎಂದಿದ್ದರೆ ಮುಕ್ಕಾಲು ಗಂಟೆಯ ಕೆಲಸ. ಅವರು ನಗುತ್ತಾ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿ ಹೇಳಿತು, "ಒಂದು ಹನಿಯೂ ಇಲ್ಲಮ್ಮ."

ಅವರು ತಿಂದರು. ಪೂರ್ತಿ ತಿಂದರು. "ನಾಲ್ಕು ದಿನದ ನಂತರ ಊಟ ಮಾಡಿದ ಹಾಗಾಯಿತು, ಪುಣ್ಯ ಬರಲಿ ನಿಮಗೆ" ಎಂದರು. ಅಡುಗೆಮನೆಗೆ ಬಂದ ಮೇಲೆ ಸುಂದರಿ ಜಗ್ಗನ್ನು ಕೆಳಗಿಟ್ಟು ಕೇಳಿದಳು, "ಸದಾಶಿವಣ್ಣ, ನೀವು ಮೊಟ್ಟೆ ಸವರಿದ್ದಲ್ವಾ?"

"ಅದು ಬರೀ ಮೇಲಿನಿಂದ ಸವರಿದ್ದು. ಸುಮ್ಮನಿರು" ಎಂದೆ.

ಮರುದಿನದಿಂದ ಮೊಟ್ಟೆ ಇಲ್ಲದೆ, ಹಾಲು ಸವರಿ ಮಾಡಿಕೊಟ್ಟೆ. ತಪ್ಪನ್ನು ಸರಿ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಾಲಿಗೆ ಆ ಹೊಳಪು ಬರುವುದಿಲ್ಲ. ಎರಡು ದಿನ ಕಳೆದು ಪದ್ಮಾವತಿ ಅಮ್ಮ ತಟ್ಟೆ ತಂದ ಸುಂದರಿಯನ್ನು ಕೇಳಿದರಂತೆ, "ಮೊದಲ ದಿನದ್ದು ಕೆಂಪಗೆ ಹೊಳೆಯುತ್ತಿತ್ತು. ಈಗ ಮಾಸಲು ಉಂಟಲ್ಲ, ಯಾಕೆ?" ಅವರ ಮನಸ್ಸಿನಲ್ಲಿ ಸಂಶಯವಿರಲಿಲ್ಲ, ಸುಮ್ಮನೆ ಕೇಳಿದ್ದು. ಸುಂದರಿಗೆ ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ. "ಅಮ್ಮ, ಮೊದಲ ದಿನದ್ದಕ್ಕೆ ಮೇಲಿಂದ ಮೊಟ್ಟೆ ತಾಗಿತ್ತು. ಇನ್ನು ಇಲ್ಲ" ಎಂದುಬಿಟ್ಟಳು.

ಮಾತು ಮ್ಯಾನೇಜರ್ ಕಾಮತರವರೆಗೆ ಹೋಯಿತು. ಅವರು ನಮ್ಮಿಬ್ಬರನ್ನು ಕರೆಸಿದರು. ಅಲ್ಲಿ ಪದ್ಮಾವತಿ ಅಮ್ಮನೂ ಕುಳಿತಿದ್ದರು. ಅಳುತ್ತಿರಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು, ಅಷ್ಟೇ.

"ಎಂತ ಇದು ಸದಾಶಿವ? ನೀನೇ ಇಲ್ಲ ಅಂತ ಹೇಳಿ ಕೊಟ್ಟದ್ದಂತೆ?"

ಆ ಕೋಣೆಯಲ್ಲಿ ನನಗೆ ಕೆಲಸ ಹೋಗುತ್ತದೆ ಎಂಬ ಭಯವಿತ್ತೇ? ಇತ್ತು. ಆದರೆ ಅದಕ್ಕಿಂತ ದೊಡ್ಡದು, ನನ್ನ ಊರಿನ ಹಿರಿಯರೊಬ್ಬರ ಎದುರು ಸುಳ್ಳುಗಾರನಾಗಿ ನಿಲ್ಲಬೇಕಲ್ಲ ಎಂಬುದು. ಅದರಿಂದ ತಪ್ಪಿಸಿಕೊಳ್ಳಲು ಇನ್ನೂ ದೊಡ್ಡ ಸುಳ್ಳು ಹೇಳಿದೆ.

"ನಾನು ಹಿಟ್ಟು ಬಿಟ್ಟು ಸ್ಟೋರಿಗೆ ಹೋಗಿದ್ದೆ ಸರ್. ಸುಂದರಿಗೆ ಪಫ್ಸಿಗೆ ಸವರಿ ಅಭ್ಯಾಸ. ಇದಕ್ಕೂ ಸವರಿರಬೇಕು. ನನಗೆ ಗೊತ್ತಾಗಲಿಲ್ಲ."

ಸುಂದರಿ ನನ್ನ ಕಡೆ ತಿರುಗಿ "ಸದಾಶಿವಣ್ಣ" ಎಂದಳು. ಬೈಗುಳವೂ ಅಲ್ಲ, ಬೇಡಿಕೆಯೂ ಅಲ್ಲ. ಹೆಸರು ಹಿಡಿದು ಕರೆದದ್ದು, ಅಷ್ಟೇ. ನಾನು ನೆಲ ನೋಡಿದೆ. ಕಾಮತರು ಅವಳನ್ನು, "ನೀನು ಒಡೆದ ಮೊಟ್ಟೆಯಾ ಅದು?" ಎಂದು ಕೇಳಿದರು. ಅವಳು "ಹೌದು, ಒಡೆದದ್ದು ನಾನು. ಆದರೆ" ಎಂದಳು. ಆ "ಆದರೆ"ಯನ್ನು ಅವರು ಮುಗಿಸಲು ಬಿಡಲಿಲ್ಲ. ಮೀನಿನವರಿಗೆ ಶುದ್ಧ ಸಸ್ಯಾಹಾರ ಎಂದರೇನೆಂದು ಹೇಗೆ ಗೊತ್ತಾಗಬೇಕು ಎಂಬರ್ಥದ ಮಾತೊಂದನ್ನು ಆಡಿದರು. ಅದನ್ನು ಕೇಳಿಯೂ ನಾನು ಬಾಯಿ ತೆರೆಯಲಿಲ್ಲ.

ಪದ್ಮಾವತಿ ಅಮ್ಮ ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಯಾರನ್ನೂ ಕೆಲಸದಿಂದ ತೆಗೆಯಬೇಡಿ. ತಿಂದದ್ದು ನಾನು" ಎಂದು ಎದ್ದು ಹೋದರು. ಕಾಮತರು ಕೇಳಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಸುಂದರಿಗೆ ಹೇಳಿದರು. ಅವಳು ಏಪ್ರನ್ ಬಿಚ್ಚಿ, ಮಡಚಿ, ಸ್ಟೂಲಿನ ಮೇಲಿಟ್ಟು ಹೋದಳು.

ಪದ್ಮಾವತಿ ಅಮ್ಮ ಪ್ರಾಯಶ್ಚಿತ್ತವೆಂದು ಎರಡು ದಿನ ಉಪವಾಸ ಮಾಡಿದರು. ಕಾಯಿಸಿ ಆರಿಸಿದ ನೀರು ಮಾತ್ರ. ಮಳೆಯಲ್ಲಿ ಆಸ್ಪತ್ರೆಯಿಂದ ಬಂದವರು ಆಟೋ ಇಳಿದು, ಮೆಟ್ಟಿಲ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಹತ್ತುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊರಗೆ ಹೋಗಿ ಕೈ ಹಿಡಿಯುವ ಯೋಗ್ಯತೆಯನ್ನೂ ನಾನು ಕಳೆದುಕೊಂಡಿದ್ದೆ. ಪುಣ್ಯಕ್ಕೆ ಅವರ ಗಂಡ ಗುಣವಾದರು. ಊರಿಗೆ ಹೊರಟ ದಿನ ಅವರು ಅಡುಗೆಮನೆಯ ಬಾಗಿಲವರೆಗೆ ಬಂದು, "ನಾವು ಹೊರಟೆವು. ನಿಮಗೆ ಎಂತಾದರೂ ಹೇಳಲಿಕ್ಕೆ ಉಂಟಾ?" ಎಂದು ಕೇಳಿದರು. ಉಪಚಾರದ ಮಾತೆಂದುಕೊಂಡೆ. "ಇಲ್ಲಮ್ಮ, ಹೋಗಿ ಬನ್ನಿ" ಎಂದೆ.

ಆಮೇಲೆ ಕಾಲೇಜಿಗೆ ಹೋದೆ, ಸರ್ ಎನ್ನಿಸಿಕೊಂಡೆ. ಕೆಲಸದ ರೀತಿ ಬದಲಾಯಿತು. ಮುಷ್ಟಿಯ ಅಳತೆ ಹೋಗಿ ಗ್ರಾಮಿನ ತಕ್ಕಡಿ ಬಂತು. ಮೈದಾ ಎಸೆದು ಎಣಿಸಿದ ನಾನು ಈಗ ಓವನ್ನಿನ ಅಂಕಿ ನೋಡಲು ಕನ್ನಡಕ ಹುಡುಕುತ್ತಿದ್ದೆ. ಸಸ್ಯಾಹಾರಕ್ಕೆ ಹಸಿರು ಹಿಡಿಯ ಬ್ರಶ್, ಮೊಟ್ಟೆಗೆ ಕೆಂಪು ಹಿಡಿಯದು, ಬೇರೆ ಬೇರೆ ಬಟ್ಟಲು, ಬೇರೆ ಮೇಜು ಎಂಬ ನಿಯಮವನ್ನು ತಂದದ್ದು ನಾನೇ. ಎಲ್ಲರೂ ಮೆಚ್ಚಿದರು. ಅದು ಎಲ್ಲಿಂದ ಬಂತೆಂದು ಯಾರಿಗೂ ಹೇಳಲಿಲ್ಲ. ಕಾಬ್ಲರಿನ ಪಾಠದ ದಿನ ಪ್ರತಿ ವರ್ಷ ಬೋರ್ಡಿನಲ್ಲಿ ಬರೆಯುತ್ತಿದ್ದೆ: ತಿನ್ನುವವರು ಕೇಳಿದರೆ ನಿಜ ಹೇಳಿ.

ಒಂದು ವರ್ಷ ಅಂಬಲಪಾಡಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಸರ್, ನಿಮ್ಮಿಂದ ಯಾವತ್ತಾದರೂ ಹೀಗೆ ತಪ್ಪಿದ್ದುಂಟಾ?"

ಮೂವತ್ತು ಮಕ್ಕಳು ಪೆನ್ನು ಹಿಡಿದು ನೋಡುತ್ತಿದ್ದರು. ಫೆಲಿಕ್ಸ್ ಬಾಬ್ ಕಾಲದ ಬಿಸ್ಕತ್ತಿನ ಪುಡಿಯ ಕತೆ ಹೇಳಿ ನಗಿಸಿದೆ. "ಮೊಟ್ಟೆಯ ವಿಷಯದಲ್ಲಿ?" ಎಂದಳು ಅವಳು, ಬಿಡದೆ.

"ಇಲ್ಲ" ಎಂದೆ. ಈ ವಿಷಯದಲ್ಲಿ ಇಲ್ಲ ಎಂದದ್ದು ಅದು ಮೂರನೆಯ ಸಲ.

ನಿವೃತ್ತಿಯ ದಿನ ಭಾಷಣದಲ್ಲಿ ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಆ ಮಾತು ಮೈಗೆ ತುರಿಕೆಯಂತೆ ಅಂಟಿತು. ಮೂರು ತಿಂಗಳು ತಡೆದೆ. ಒಂದು ಬೆಳಿಗ್ಗೆ ಕಾಪುವಿನ ಬಸ್ಸು ಹತ್ತಿದೆ.

ಲೈಟ್‌ಹೌಸಿನ ಕಡೆಯ ದಾರಿಯಲ್ಲಿ ಇಬ್ಬರನ್ನು ಕೇಳಿದ ಮೇಲೆ ಮನೆ ಸಿಕ್ಕಿತು. ಸುಂದರಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನಾನು ಹೆಸರು ಹೇಳುವ ಮೊದಲೇ, "ಗುರುತು ಸಿಕ್ಕಿತು. ಕುಳಿತುಕೊಳ್ಳಿ" ಎಂದಳು. ನೀರು, ಬೆಲ್ಲ ತಂದಿಟ್ಟಳು. ಜಗಲಿಯಲ್ಲಿ ದಾಮೋದರ ಒಂದು ಕಾಲು ನೀಡಿ ಬಲೆ ಸರಿಮಾಡುತ್ತಿದ್ದ. ಅವನ ಪಕ್ಕದಲ್ಲಿ ಹಣ್ಣು ಹಣ್ಣಾದ ಅವನ ತಾಯಿ ಕುಳಿತಿದ್ದರು.

ನಾನು ಸುಂದರಿಗೆ ಮಾತ್ರ ಕೇಳುವಂತೆ ಹೇಳಿದೆ, "ಅವತ್ತು ಸವರಿದ್ದು ನಾನು. ನಿನ್ನ ಮೇಲೆ ಹಾಕಿದೆ. ತಪ್ಪಾಯಿತು."

"ಅದನ್ನು ನನಗೆ ಹೇಳಲಿಕ್ಕೆ ಇಷ್ಟು ದೂರ ಬಂದದ್ದಾ? ನನಗೆ ಗೊತ್ತುಂಟಲ್ಲ ಸದಾಶಿವಣ್ಣ. ಗೊತ್ತಿಲ್ಲದವರಿಗೆ ಹೇಳಬೇಕು."

"ಪದ್ಮಾವತಿ ಅಮ್ಮನಿಗೂ ಹೇಳುತ್ತೇನೆ, ಕಾರ್ಕಳಕ್ಕೆ ಹೋಗಿ."

"ಅವರು ತೀರಿಹೋಗಿ ಐದು ವರ್ಷ ಆಯಿತು. ಅವರಿಗೆ ಗೊತ್ತಿತ್ತು. ಅವರು ಊರಿಗೆ ಹೋದ ಮೇಲೆ ನಾನು ಹುಡುಕಿಕೊಂಡು ಹೋಗಿದ್ದೆ. 'ಸವರಿದವಳು ನೀನಾಗಿದ್ದರೆ ನೀನೇ ಬಾಯಿಬಿಟ್ಟು ಹೇಳ್ತಿರಲಿಲ್ಲ, ಅದು ನನಗೆ ಅವತ್ತೇ ತಿಳಿಯಿತು' ಅಂತ ಹೇಳಿದ್ರು. ಮತ್ತೆ ನಿಮ್ಮನ್ನು ಯಾಕೆ ಕೇಳಲಿಲ್ಲ ಅಂತ ಕೇಳಿದೆ. 'ಹೊರಡುವಾಗ ಕೇಳಿದೆ, ಅವರು ಇಲ್ಲ ಅಂದರು' ಅಂದ್ರು."

ಬೆಲ್ಲದ ತುಂಡು ನನ್ನ ಕೈಯಲ್ಲೇ ಉಳಿಯಿತು. ಸುಂದರಿ ಅಂಗಳದಿಂದ ಜಗಲಿಯ ಕಡೆ ಕೈ ತೋರಿಸಿದಳು.

"ನನ್ನ ಕೆಲಸ ಹೋದ ಮರುವರ್ಷ ಇವರ ಬೋಟು ಮಗುಚಿ ಒಂದು ಕಾಲಿನ ಸ್ವಾಧೀನ ಹೋಯಿತು. ಅತ್ತೆ ಏನು ಹೇಳಿದ್ರು ಗೊತ್ತುಂಟಾ? ವ್ರತದಲ್ಲಿರುವ ಹೆಂಗಸಿಗೆ ಮೊಟ್ಟೆ ತಿನ್ನಿಸಿದ ಪಾಪ, ಮಗನ ಕಾಲಿಗೆ ಬಂತು ಅಂತ. ನಾನಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಮ್ಯಾನೇಜರು ಸುಮ್ಮನೆ ತೆಗೀತಾರಾ ಅಂತ ಕೇಳುವುದು. ಇಷ್ಟು ವರ್ಷದಲ್ಲಿ ದೇವರ ಕೋಣೆಯ ದೀಪ ಮುಟ್ಟಲಿಕ್ಕೆ ನನ್ನನ್ನು ಬಿಟ್ಟಿಲ್ಲ. ಬನ್ನಿ, ಅವರಿಗೆ ಹೇಳಿ."

ಬೆಲ್ಲದ ತುಂಡನ್ನು ಕೆಳಗಿಟ್ಟೆ. ಅವಳು ಕಾದಳು. ಎದ್ದು ಹೋಗಿ ಆ ಹಿರಿಯರ ಎದುರು ನಿಂತು, ಮೆಲ್ಲಗೆ ಹೇಳಿದೆ. ದಾಮೋದರನ ಕೈಯ ಬಲೆ ನಿಂತಿತು. ಅವನ ತಾಯಿ ಮಾತ್ರ ನನ್ನ ಬಾಯನ್ನೇ ನೋಡುತ್ತಿದ್ದರು.

"ಅತ್ತೆಗೆ ಕಿವಿ ಕೇಳುವುದಿಲ್ಲ. ಗಟ್ಟಿಯಾಗಿ ಹೇಳಿ" ಎಂದಳು ಸುಂದರಿ.

ಗಟ್ಟಿಯಾಗಿ ಹೇಳಿದೆ. ಸಾಕಾಗಲಿಲ್ಲ. ಕೂಗಿ ಹೇಳಿದೆ: "ಮೊಟ್ಟೆ ಸವರಿದ್ದು ನಾನು! ಸುಂದರಿ ಅಲ್ಲ! ನಾನು ಸುಳ್ಳು ಹೇಳಿದೆ!" ಪಕ್ಕದ ಅಂಗಳದಲ್ಲಿ ಮೀನು ಹರಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಈ ಕಡೆ ನೋಡಿದರು. ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ನಿಂತ. ಅರವತ್ತೆರಡು ವರ್ಷದ ನಾನು, ಸರ್ ಎನ್ನಿಸಿಕೊಂಡವನು, ಇನ್ನೊಬ್ಬರ ಜಗಲಿಯ ಕೆಳಗೆ ಕೈಕಟ್ಟಿ ನಿಂತು ಕೂಗುತ್ತಿದ್ದೆ.

ಈ ಸಲ ಅವರಿಗೆ ಕೇಳಿಸಿತು. ಸೊಸೆಯನ್ನು ಬಹಳ ಹೊತ್ತು ನೋಡಿದರು. ಸುಂದರಿ ಸೆರಗಿನಿಂದ ಮುಖ ಒರೆಸಿಕೊಂಡು ಒಣಮೀನಿನ ಕಡೆ ಹೋದಳು. ಆಮೇಲೆ ಆ ಹಿರಿಯರು ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ಎಂತ ಮಾಡ್ತಾ ಇದ್ದದ್ದು ನೀವು?"

"ಪಾಠ ಹೇಳುತ್ತಿದ್ದೆ" ಎಂದೆ.

ಅದು ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈಯಿಟ್ಟು ಮುಂದೆ ಬಾಗಿದರು. ಅದನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಬರಲಿಲ್ಲ.